ಎರೆ ಮಣ್ಣಿನ ಥಾರ್‌ಗೆ ಎಷ್ಟು ಎತ್ತರ, ಯಾವ ಟೈರು? ಸಿಂಧನೂರು ತಾಲ್ಲೂಕಿನ ಒಂದು ಪ್ರಕರಣ

ಗಾಡಿ 2016ರ ಮಹೀಂದ್ರಾ ಥಾರ್ ಸಿಆರ್‌ಡಿಇ, ಫೋರ್ ವ್ಹೀಲ್ ಡ್ರೈವ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ, ಅಂದರೆ ಪಾಟಾಗಳು), ಕಂಪನಿ ಟೈರು 235/70 ಆರ್16. ಮಾಲೀಕರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಭತ್ತದ ರೈತರು. ನೀರು ಬಿಟ್ಟ ದಿನಗಳಲ್ಲಿ ರಾತ್ರಿ ತೂಬು ಕಾಯಲು ಹೋಗಬೇಕು, ಗೊಬ್ಬರದ ಚೀಲ ಒಯ್ಯಬೇಕು, ಸುಟ್ಟ ಮೋಟರ್ ರಿವೈಂಡಿಂಗ್‌ಗೆ ತರಬೇಕು. ಮಳೆಗಾಲದಲ್ಲಿ ಗಾಡಿ ಪದೇ ಪದೇ ಹೂತು ಟ್ರ್ಯಾಕ್ಟರ್ ಕರೆಸಬೇಕಾಗುತ್ತಿತ್ತು.

ಅವರ ಬೇಡಿಕೆ ಸರಳ: "ಗಾಡಿ ಮೂರು ಇಂಚು ಎಬ್ಬಿಸ್ರಿ, ತೆಳಗ ಏನೂ ಬಡೀಬಾರ್ದು ನೋಡ್ರಿ." ಕೈಯಲ್ಲಿ ಒಂದು ಕೊಟೇಶನ್ ಇತ್ತು: 3 ಇಂಚಿನ ಲಿಫ್ಟ್ ಕಿಟ್, 285/75 ಆರ್16 ಮಡ್ ಟೈರು ನಾಲ್ಕು. ಕೊನೆಗೆ ಹಾಕಿದ್ದು 245/75 ಆರ್16 ಟೈರು ಐದು. ಎತ್ತರಿಸಿದ್ದು ಹಿಂದೆ 40 ಮಿ.ಮೀ., ಮುಂದೆ 25 ಮಿ.ಮೀ. ಆ ಕೊಟೇಶನ್ನಿನಿಂದ ಈ ಅಳತೆಗೆ ಬಂದದ್ದು ಹೇಗೆ ಎಂಬುದೇ ಈ ಪ್ರಕರಣ.

ಎಲ್ಲಿ ಹೂಳುತ್ತದೆ, ಏನು ಬಡಿಯುತ್ತದೆ

ಲಿಫ್ಟ್ ಎಷ್ಟು ಎಂದು ಕೇಳುವ ಮೊದಲು ಗಾಡಿ ಯಾವ ಜಾಗದಲ್ಲಿ, ಯಾವ ಭಾಗ ತಾಗಿ ನಿಲ್ಲುತ್ತದೆ ಎಂದು ನೋಡಬೇಕು. ಇಲ್ಲಿ ಓಡಾಟದ ಹತ್ತರಲ್ಲಿ ಏಳು ಪಾಲು ಡಾಂಬರು: ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಹೆದ್ದಾರಿ. ಉಳಿದದ್ದು ಉಪಕಾಲುವೆಯ ಏರಿ ಮೇಲಿನ ಮರಂ ರಸ್ತೆ, ಮತ್ತು ಏರಿಯಿಂದ ಹೊಲದವರೆಗಿನ ಬಂಡಿ ದಾರಿ. ಹೂಳುವುದೆಲ್ಲ ಈ ಬಂಡಿ ದಾರಿಯಲ್ಲೇ. ಅದು ಪೂರ್ತಿ ಎರೆ ಮಣ್ಣು. ಟ್ರ್ಯಾಕ್ಟರ್‌ಗಳು, ಅದರಲ್ಲೂ ಕೇಜ್ ವ್ಹೀಲ್ (ಗದ್ದೆ ಕೆಲಸಕ್ಕೆ ಹಾಕುವ ಕಬ್ಬಿಣದ ಗಾಲಿ) ಬಿಚ್ಚದೆ ಬರುವವು, ಎರಡೂ ಬದಿ ಆಳವಾಗಿ ಕೊರೆದು ನಡುವೆ ದಿಬ್ಬ ಬಿಟ್ಟಿರುತ್ತವೆ. ಥಾರ್‌ನ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ (ಎಡಬಲ ಗಾಲಿಗಳಿಗೆ ಬಲ ಹಂಚುವ ಗೇರ್ ಗುಂಡು) ಆ ದಿಬ್ಬಕ್ಕೆ ಕೂತು ಗಾಲಿಗಳ ಮೇಲಿನ ಭಾರ ಹೋಗುತ್ತದೆ. ಆಮೇಲೆ ಗಾಲಿ ಸುಮ್ಮನೆ ತಿರುಗುತ್ತದೆ, ಗಾಡಿ ಇನ್ನಷ್ಟು ಇಳಿಯುತ್ತದೆ.

ಲಿಫ್ಟ್ ಕಿಟ್ ಮಾರುವವರು ಸಾಮಾನ್ಯವಾಗಿ ಹೇಳದ ಮಾತು ಇಲ್ಲಿದೆ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಮತ್ತು ಬಾಡಿ ಮೇಲೇಳುತ್ತವೆ. ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದು ಗಾಲಿಯ ನಡುವಿಗೆ ಕಟ್ಟಿಕೊಂಡ ಇಡೀ ಕಬ್ಬಿಣ. ಹಿಂದಿನ ಡಿಫರೆನ್ಷಿಯಲ್‌ನ ಕೆಳಗೆ ಜಾಗ ಹೆಚ್ಚಾಗಬೇಕಾದರೆ ಟೈರಿನ ವ್ಯಾಸವೇ ಹೆಚ್ಚಾಗಬೇಕು. ಅದೂ ವ್ಯಾಸ ಹೆಚ್ಚಿದ್ದರ ಅರ್ಧ ಮಾತ್ರ ಕೈಗೆ ಸಿಗುತ್ತದೆ. ಮುಂದಿನ ಡಿಫರೆನ್ಷಿಯಲ್ ಚಾಸಿಗೆ ತಗುಲಿದ್ದರಿಂದ ಅದಕ್ಕೆ ಲಿಫ್ಟ್ ಉಪಯೋಗಕ್ಕೆ ಬರುತ್ತದೆ, ಆದರೆ ಈ ಗಾಡಿಯಲ್ಲಿ ತಾಗುತ್ತಿದ್ದುದು ಹಿಂದಿನದು. ಅಂದರೆ 3 ಇಂಚು ಎತ್ತಿ ಹಳೇ ಟೈರಿನಲ್ಲೇ ಬಿಟ್ಟರೆ ದಿಬ್ಬಕ್ಕೆ ಬಡಿಯುವ ಜಾಗದಲ್ಲಿ ಒಂದು ಮಿಲಿಮೀಟರೂ ಬದಲಾಗದು.

ಟೈರಿನ ಲೆಕ್ಕ

235/70 ಆರ್16 ಅಂದರೆ ಅಗಲ 235 ಮಿ.ಮೀ., ಪಕ್ಕದ ಗೋಡೆ ಅದರ ಶೇ. 70, ರಿಮ್ 16 ಇಂಚು. 235ರ ಶೇ. 70 ಎಂದರೆ 164.5, ಅದರ ಎರಡು ಪಟ್ಟು 329, 16 ಇಂಚಿನ 406.4 ಕೂಡಿಸಿದರೆ ವ್ಯಾಸ 735 ಮಿ.ಮೀ. ಇದನ್ನು ಮೂಲವಾಗಿಟ್ಟು ಉಳಿದವನ್ನು ಹೋಲಿಸಿದರೆ ಹೀಗೆ:

245/75 ಆರ್16: ವ್ಯಾಸ 774. ಆಕ್ಸಲ್ ಕೆಳಗೆ 19 ಮಿ.ಮೀ. ಲಾಭ. ವ್ಯಾಸ ಶೇ. 5.2 ಹೆಚ್ಚು.
265/75 ಆರ್16: ವ್ಯಾಸ 804. ಲಾಭ 34 ಮಿ.ಮೀ. ಶೇ. 9.3 ಹೆಚ್ಚು.
285/75 ಆರ್16: ವ್ಯಾಸ 834. ಲಾಭ 49 ಮಿ.ಮೀ. ಶೇ. 13.4 ಹೆಚ್ಚು.

ಕೊನೆಯ ಸಾಲು ಆಸೆ ಹುಟ್ಟಿಸುತ್ತದೆ. ಆದರೆ ಟೈರು ದೊಡ್ಡದಾದಷ್ಟೂ ನೆಲದ ಮೇಲೆ ಬೀಳುವ ಎಳೆತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅದೇ ಗೇರು, ಅದೇ ಎಂಜಿನ್ ಇಟ್ಟುಕೊಂಡು 285/75 ಹಾಕಿದರೆ ಸುಮಾರು ಶೇ. 12ರಷ್ಟು ಎಳೆತ ಹೋಗುತ್ತದೆ; ಬ್ರೇಕ್ ಹಿಡಿಯುವ ಬಲವೂ ಅಷ್ಟೇ ಕಡಿಮೆ. ಮಡ್ ಟೈರಾದರೆ ಒಂದೊಂದೂ ಮೂಲದ್ದಕ್ಕಿಂತ ಹತ್ತು ಕೆ.ಜಿ.ಗೂ ಹೆಚ್ಚು ತೂಕ. ಆ ತೂಕ ಬಾಲ್ ಜಾಯಿಂಟ್, ವ್ಹೀಲ್ ಬೇರಿಂಗ್, ಟೈ ರಾಡ್ ತುದಿಗಳ ಮೇಲೆ ಬೀಳುತ್ತದೆ. ಹಿಂಬಾಗಿಲಿಗೆ ತೂಗುವ ಸ್ಟೆಪ್ನಿಯ ಕೀಲುಗಳ ಮೇಲೂ ಬೀಳುತ್ತದೆ. ರಿಮ್ ಕೂಡ ಹೆಚ್ಚು ಅಗಲದ್ದು ಬೇಕು. 245/75ಕ್ಕೆ 6.5ರಿಂದ 8 ಇಂಚಿನ ರಿಮ್ ಸಾಕು, 285/75ಕ್ಕೆ ಕನಿಷ್ಠ 7.5. ರಿಮ್‌ನ ಅಗಲ ಅದರ ಒಳಬದಿಯಲ್ಲೇ ಅಚ್ಚಾಗಿರುತ್ತದೆ. ಕೊಳ್ಳುವ ಮೊದಲು ಒಂದು ಗಾಲಿ ಬಿಚ್ಚಿ ಓದಿಕೊಳ್ಳಬೇಕು.

ಅಗಲದ ಬಗ್ಗೆ ಎರೆ ನಾಡಿನಲ್ಲಿ ಬೇರೆಯೇ ವಿಚಾರವಿದೆ. ಮರಳಿನಲ್ಲಿ ಅಗಲ ಟೈರು ತೇಲುತ್ತದೆ, ಸರಿ. ಎರೆ ಬಂಡಿ ದಾರಿಯಲ್ಲಿ ಒಂದು ಮಳೆ ಬಿದ್ದಾಗ ಮೇಲಿನ ಕೆಲವು ಇಂಚು ಮಾತ್ರ ಅಂಟಾಗಿ, ಕೆಳಗೆ ತುಳಿದು ತುಳಿದು ಗಟ್ಟಿಯಾದ ತಳ ಇರುತ್ತದೆ. ಕಿರಿದಾದ ಟೈರು ಆ ಅಂಟನ್ನು ಕೊಯ್ದು ತಳ ಮುಟ್ಟುತ್ತದೆ; ಅಗಲದ್ದು ಮೇಲೆಯೇ ಜಾರಾಡುತ್ತದೆ. ದಿನಗಟ್ಟಲೆ ನೀರು ನಿಂತು ತಳವೇ ಇಲ್ಲದಂತಾದ ಕೆಸರುಗದ್ದೆಗೆ ಯಾವ ಅಳತೆಯ ಟೈರೂ ಉತ್ತರವಲ್ಲ, ಅಲ್ಲಿಗೆ ಹೋಗಬೇಕಾದ್ದು ಟ್ರ್ಯಾಕ್ಟರ್.

ಇನ್ನು ಹಲ್ಲು. ನಮ್ಮ ಪ್ರಕಾರ ಈ ಪ್ರಕರಣದ ಮುಖ್ಯ ತೀರ್ಮಾನ ಇದೇ, ಅಳತೆ ಅದರ ನಂತರದ್ದು. ಹಳೆಯ ಟೈರುಗಳು ಅರ್ಧಕ್ಕೂ ಹೆಚ್ಚು ಸವೆದ ಹೈವೇ ಮಾದರಿಯವು. ಎರೆಯಲ್ಲಿ ಒಂದೇ ಸುತ್ತಿಗೆ ಹಲ್ಲು ತುಂಬಿ ನುಣ್ಣಗಾಗುತ್ತಿದ್ದವು. ಆಲ್ ಟೆರೇನ್ ಟೈರಿನ ಹಲ್ಲುಗಳ ನಡುವಿನ ಸಂದೂ ಈ ಮಣ್ಣಿಗೆ ಸಣ್ಣದೇ. ಮಡ್ ಟೆರೇನ್‌ನ ಭುಜದ ಹಲ್ಲುಗಳು ದೂರ ದೂರ ಇರುವುದರಿಂದ ಗಾಲಿ ಸ್ವಲ್ಪ ಜೋರಾಗಿ ತಿರುಗಿದಾಗ ಮಣ್ಣು ಕಿತ್ತು ಹಾರುತ್ತದೆ. ಡಾಂಬರಿನಲ್ಲಿ ಅದು ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಹತ್ತರಲ್ಲಿ ಏಳು ಪಾಲು ಡಾಂಬರು ಇದ್ದೂ ಮಡ್ ಟೆರೇನ್ ಆರಿಸಿದ್ದು ತಪ್ಪಲ್ಲವೇ ಎಂದರೆ, ಮಾಲೀಕರು ಹೆದ್ದಾರಿಯಲ್ಲಿ 70 ದಾಟುವವರಲ್ಲ; ರಾತ್ರಿ ಒಂಟಿಯಾಗಿ ತೂಬಿನ ಹತ್ತಿರ ಹೂತುಹೋಗುವುದು ಅವರಿಗೆ ಗುಂಯ್ ಸದ್ದಿಗಿಂತ ದೊಡ್ಡ ತೊಂದರೆ. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಓಡುವ ಗಾಡಿಯಾಗಿದ್ದರೆ ಆಲ್ ಟೆರೇನ್ ಹಾಕಿಸಿ, ಮಳೆಗಾಲಕ್ಕೆ ಕೆಸರಿನ ಚೈನು ಇಟ್ಟುಕೊಳ್ಳಿ ಎನ್ನುತ್ತಿದ್ದೆವು.

ಕೊಟೇಶನ್ನಿನಲ್ಲಿ ನಾಲ್ಕೇ ಟೈರು ಇದ್ದದ್ದು ದೊಡ್ಡ ಲೋಪ. 2015ರ ನಂತರದ ಈ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ತಾನಾಗಿಯೇ ಕಚ್ಚುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದೆ. ಎಡಬಲ ಗಾಲಿಗಳ ವೇಗದಲ್ಲಿ ವ್ಯತ್ಯಾಸ ಬಹಳ ಹೆಚ್ಚಾದರೆ ಅದು ಕಚ್ಚುತ್ತದೆ. ಒಂದು ಬದಿ 774, ಇನ್ನೊಂದು ಬದಿ 735ರ ಹಳೇ ಸ್ಟೆಪ್ನಿ ಹಾಕಿ ಓಡಿಸಿದರೆ ಡಿಫರೆನ್ಷಿಯಲ್‌ಗೆ ನೇರ ರಸ್ತೆಯಲ್ಲೂ ಬಿಡುವಿಲ್ಲ. ಮುಂದೆ ಹಾಕಿದರೆ ಫೋರ್ ವ್ಹೀಲ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ. ಆದ್ದರಿಂದ ಐದೂ ಒಂದೇ ಅಳತೆ, ಒಂದೇ ಮಾದರಿ, 5,000 ಕಿ.ಮೀ.ಗೊಮ್ಮೆ ಸ್ಟೆಪ್ನಿ ಸೇರಿಸಿ ಐದನ್ನೂ ಅದಲುಬದಲು.

ಲಿಫ್ಟ್ ಬೇಕಾದದ್ದು ಮಣ್ಣಿನ ಜಾಗಕ್ಕೆ

245/75 ಈ ಥಾರ್‌ಗೆ ಬಹುಮಟ್ಟಿಗೆ ಲಿಫ್ಟ್ ಇಲ್ಲದೆಯೂ ಕೂರುತ್ತದೆ. ಹಾಗಿದ್ದರೆ ಎತ್ತರಿಸಿದ್ದೇಕೆ? ಎರೆ ಸೀಮೆಯಲ್ಲಿ ಮಳೆ ಬಂದ ದಿನ ಸೈಕಲ್ ತಳ್ಳಿದವರಿಗೆ ಗೊತ್ತು: ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಜೀಪಿನಲ್ಲೂ ಅದೇ ಆಗುತ್ತದೆ, ಎಂಜಿನ್ ಬಲವಿರುವುದರಿಂದ ಗೊತ್ತಾಗುವುದು ತಡ. ಗಾಲಿ ಮೇಲಿನ ಕಮಾನಿನೊಳಗೆ ಪದರ ಪದರವಾಗಿ ತುಂಬಿದ ಎರೆ ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಅದರಲ್ಲೊಂದು ಕಲ್ಲು ಸಿಕ್ಕಿದ್ದರೆ ಟೈರಿನ ಭುಜ ಕೊಯ್ಯುತ್ತದೆ, ಒಳಗಿನ ಪ್ಲಾಸ್ಟಿಕ್ ಲೈನರ್ ಕಿತ್ತು ಬರುತ್ತದೆ. ಆದ್ದರಿಂದ ಟೈರು ಉಜ್ಜದಿದ್ದರೆ ಸಾಕು ಎಂಬ ಲೆಕ್ಕ ಇಲ್ಲಿ ನಡೆಯದು. ಭಾರ ಹಾಕಿ ಸ್ಪ್ರಿಂಗ್ ಕುಗ್ಗಿದಾಗಲೂ ಟೈರಿನ ಸುತ್ತ ಮೂರು ನಾಲ್ಕು ಸೆಂ.ಮೀ. ಖಾಲಿ ಉಳಿಯಬೇಕು.

ಅಳತೆಗೆ ರೈಸ್ ಮಿಲ್ಲಿನ ಕಾಂಕ್ರೀಟ್ ಅಂಗಳ ಬಳಕೆಯಾಯಿತು, ನೆಲ ಸಮವಾಗಿತ್ತು ಎಂಬ ಕಾರಣಕ್ಕೆ. ಪಕ್ಕದ ವೇಬ್ರಿಜ್‌ನಲ್ಲಿ ಮೊದಲು ಮುಂದಿನ ಆಕ್ಸಲ್, ಆಮೇಲೆ ಹಿಂದಿನದು ಬೇರೆ ಬೇರೆ ತೂಗಲಾಯಿತು. ನಾಲ್ಕೂ ಕಡೆ ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಳ್ಳುವುದು ಕ್ರಮ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಆಗಲೇ ಸತ್ಯ ಹೊರಬಿದ್ದದ್ದು: ಹಿಂದಿನ ಬಲಗಡೆ ಎಡಕ್ಕಿಂತ 18 ಮಿ.ಮೀ. ತಗ್ಗು. ಬಲ ಸ್ಪ್ರಿಂಗ್‌ನ ಮೂರನೇ ಪಾಟಾ ಸೆಂಟರ್ ಬೋಲ್ಟ್ ಹತ್ತಿರ ಬಿರುಕು ಬಿಟ್ಟಿತ್ತು, ಉಳಿದವು ಚಪ್ಪಟೆಯಾಗಿದ್ದವು. ಆರು ಯೂರಿಯಾ ಚೀಲ, ಅಂದರೆ 45ರಂತೆ 270 ಕೆ.ಜಿ., ಹೇರಿದಾಗ ಹಿಂಬದಿ ಇನ್ನೂ 40 ಮಿ.ಮೀ. ಕೂತು ಬಂಪ್ ಸ್ಟಾಪ್‌ಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಹತ್ತಿರವಾಯಿತು. ಮಾಲೀಕರಿಗೆ ತಗ್ಗು ಅನ್ನಿಸುತ್ತಿದ್ದ ಗಾಡಿ ನಿಜಕ್ಕೂ ಕುಸಿದ ಗಾಡಿಯಾಗಿತ್ತು. ಹಳೆಯ ಗಾಡಿಗೆ ಲಿಫ್ಟ್ ಮಾಡಿಸಲು ಬರುವವರಲ್ಲಿ ಎಷ್ಟೋ ಮಂದಿಗೆ ಬೇಕಾದದ್ದು ಕಳೆದುಹೋದ ಎತ್ತರ ಮರಳಿಸುವುದು, ಅಷ್ಟೇ.

3 ಇಂಚು ಬೇಡ ಎನ್ನಲು ಇನ್ನೊಂದು ಕಾರಣ ಕಾಲುವೆ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಹೊಲದ ಇಳಿಜಾರು, ಗಾಡಿಗೆ ಸಿಗುವುದು ಒಂದೇ ಸಾಲು. ಸ್ಥೂಲ ಲೆಕ್ಕಕ್ಕೆ ಎಡಬಲ ಗಾಲಿಗಳ ಅಂತರ 1,400 ಮಿ.ಮೀ., ಭಾರಕೇಂದ್ರ 700 ಮಿ.ಮೀ. ಎತ್ತರ ಎಂದು ಹಿಡಿದರೆ, ನಿಂತ ಗಾಡಿ ಪಕ್ಕಕ್ಕೆ ಉರುಳುವ ಕೋನ 45 ಡಿಗ್ರಿ. 3 ಇಂಚು ಲಿಫ್ಟ್ ಮತ್ತು 285 ಟೈರು ಸೇರಿ 125 ಮಿ.ಮೀ. ಮೇಲೆ ಹೋದರೆ ಅದು 40ಕ್ಕೆ ಇಳಿಯುತ್ತದೆ. 40 ಮಿ.ಮೀ. ಲಿಫ್ಟ್ ಮತ್ತು 245 ಟೈರಿಗೆ ಸುಮಾರು 43. ಎರಡು ಮೂರು ಡಿಗ್ರಿಯಲ್ಲಿ ಏನಿದೆ ಎನ್ನಬೇಡಿ: ನೆನೆದ ಏರಿ ಅಂಚಿನಲ್ಲಿ ಒಂದು ಬದಿಯ ಗಾಲಿಗಳು 150 ಮಿ.ಮೀ. ಹೂತರೆ ಅಲ್ಲೇ 6 ಡಿಗ್ರಿ ಹೋಯಿತು. ಗಾಡಿ ಓಡುತ್ತಿರುವಾಗ, ಸ್ಪ್ರಿಂಗ್ ವಾಲಿದಾಗ ನಿಜವಾದ ಕೋನ ಈ ಲೆಕ್ಕಕ್ಕಿಂತ ಬಹಳ ಕಡಿಮೆ. ಮೇಲೆ ಕ್ಯಾರಿಯರ್ ಕಟ್ಟಿ 75 ಕೆ.ಜಿ. ಭತ್ತದ ಚೀಲ ಹೇರುವ ಆಲೋಚನೆ ಇದ್ದವರಂತೂ ಲಿಫ್ಟ್ ಮಾತೇ ಎತ್ತಬಾರದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಲ್ಲಿ ಸೇರಿದ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಟೈರಿನ ಅಳತೆಗೂ ಎತ್ತರಕ್ಕೂ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಮತ್ತು ವಿಮೆ ಕಂಪನಿಗೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಬೇಕು. ಬೇಡ ಎಂದು ಉತ್ತರ ಬಂದರೆ 235/70ರಲ್ಲೇ ಒಳ್ಳೆಯ ಹಲ್ಲಿನ ಟೈರು, ಹೊಸ ಕಂಪನಿ ಸ್ಪ್ರಿಂಗ್, ಸರಿಯಾದ ಗಾಳಿ, ಇಷ್ಟಕ್ಕೆ ನಿಲ್ಲಿಸುವುದು. ಹೂಳುವ ಸಮಸ್ಯೆಯ ದೊಡ್ಡ ಪಾಲು ಅದರಲ್ಲೇ ತೀರುತ್ತದೆ.

ಹಿಂದಿನ ಕೆಲಸ

ಹಿಂದೆ ಎತ್ತರಿಸಲು ದಾರಿ ಹಲವು. ಉದ್ದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಅಗ್ಗ, ಆದರೆ 50 ಮಿ.ಮೀ. ಉದ್ದ ಮಾಡಿದರೆ ಸಿಗುವುದು 25. ಗಾಡಿ ತಿರುವಿನಲ್ಲಿ ಓಲಾಡುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬ್ಲಾಕ್ ಇಟ್ಟರೆ ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಹಳೆಯ ಪಾಟಾಗಳನ್ನೇ ಬಡಿದು ಬಾಗಿಸಿಕೊಡುವ ಅಂಗಡಿಗಳು ಸಿಂಧನೂರು, ಬಳ್ಳಾರಿಯಲ್ಲಿ ಬೇಕಾದಷ್ಟಿವೆ. ಮತ್ತೆ ಹದ ಕೊಡದೆ ಬಾಗಿಸಿದ ಉಕ್ಕು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಒಂದು ಪಾಟಾ ಹೆಚ್ಚು ಸೇರಿಸಿದರೆ ಭಾರಕ್ಕೆ ಚೆನ್ನ, ಖಾಲಿ ಗಾಡಿ ಕುದುರೆಯಂತೆ ಕುಣಿಯುತ್ತದೆ. ಇಲ್ಲಿ ಭಾರ ದಿನನಿತ್ಯದ್ದಲ್ಲ. ಆದ್ದರಿಂದ ಮೂಲದಷ್ಟೇ ಗಡಸಿನ, 40 ಮಿ.ಮೀ. ಹೆಚ್ಚು ಕಮಾನಿನ ಹೊಸ ಸೆಟ್ ಆಯಿತು.

ಗೊಬ್ಬರದ ಪುಡಿ ಬಿದ್ದು ಸ್ಪ್ರಿಂಗ್ ತುದಿಯ ಕಣ್ಣಿನ (ಉಂಗುರದ) ಬೋಲ್ಟ್‌ಗಳು ತುಕ್ಕು ಹಿಡಿದು ಕಚ್ಚಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಚಾಸಿಯನ್ನು ಸ್ಟ್ಯಾಂಡ್ ಮೇಲೆ, ಆಕ್ಸಲ್ಲನ್ನು ಜ್ಯಾಕ್ ಮೇಲೆ ನಿಲ್ಲಿಸಿ, ಶಾಕ್ ಅಬ್ಸಾರ್ಬರ್ ಕಳಚಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದ ಯು ಬೋಲ್ಟ್ ಬಿಚ್ಚುವುದು. ಹಳೇ ಯು ಬೋಲ್ಟ್ ಮತ್ತೆ ಹಾಕಬಾರದು, ಒಮ್ಮೆ ಹಿಗ್ಗಿದ ಎಳೆ ಮತ್ತೆ ಬಿಗಿ ಹಿಡಿಯದು. ಹೊಸ ಸ್ಪ್ರಿಂಗ್‌ನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ತಟ್ಟೆಯ ರಂಧ್ರದಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿಯೇ ಮುಂದುವರಿಯಬೇಕು. ನಾಲ್ಕು ನಟ್‌ಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವಾಗಿ, ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಟಾರ್ಕ್‌ಗೆ. ಕಣ್ಣಿನ ಬೋಲ್ಟ್ ಮತ್ತು ಶ್ಯಾಕಲ್ ಮಾತ್ರ ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕು. ಗಾಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಹಳಷ್ಟು ಗ್ಯಾರೇಜುಗಳಲ್ಲಿ ಇದನ್ನು ಮಾಡುವುದೇ ಇಲ್ಲ.

ಶಾಕ್‌ನ ಉದ್ದ ಊಹೆಯಿಂದ ತರಿಸಬಾರದು. ಆಕ್ಸಲ್ ಬಂಪ್ ಸ್ಟಾಪ್‌ಗೆ ತಾಗಿದಾಗ ಎರಡು ಶಾಕ್ ಕಣ್ಣುಗಳ ಅಂತರ, ಪೂರ್ತಿ ಜೋತುಬಿದ್ದಾಗಿನ ಅಂತರ, ಎರಡನ್ನೂ ಅಳೆಯಬೇಕು. ಮುಚ್ಚಿದ ಶಾಕ್ ಮೊದಲನೆಯದಕ್ಕಿಂತ ಗಿಡ್ಡ, ತೆರೆದದ್ದು ಎರಡನೆಯದಕ್ಕಿಂತ ಉದ್ದ ಇರಬೇಕು. ಆಕ್ಸಲ್ ಜೋತಾಡುವಾಗಲೇ ಬ್ರೇಕ್ ಹೋಸ್ ಬಿಗಿದಿಲ್ಲವೇ, ಆಕ್ಸಲ್‌ನ ಗಾಳಿ ಕೊಳವೆ ಕಿತ್ತಿಲ್ಲವೇ ಎಂದು ನೋಡಿಕೊಳ್ಳಬೇಕು.

ಕೆಲಸ ಮುಗಿದು ಓಡಿಸಿದಾಗ 45ರಿಂದ 60 ಕಿ.ಮೀ. ವೇಗದಲ್ಲಿ ಸೀಟಿನಡಿ ನಡುಕ ಬಂತು. ಆಕ್ಸಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು. ಟೈರಿನ ಬ್ಯಾಲೆನ್ಸಿಂಗ್ ದೋಷವಾದರೆ ಆಕ್ಸಲರೇಟರ್ ಬಿಟ್ಟರೂ ನಡುಗುತ್ತದೆ. ಎಳೆತಕ್ಕೆ ತಕ್ಕಂತೆ ಬಂದುಹೋಗುವ ನಡುಕ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನದು. ಥಾರ್‌ನ ಹಿಂದಿನ ಶಾಫ್ಟ್ ಗಿಡ್ಡ, ಸ್ವಲ್ಪ ಎತ್ತಿದರೂ ಯು.ಜೆ. ಕ್ರಾಸ್‌ಗಳ (ಶಾಫ್ಟ್ ತುದಿಯ ಬಾಗುವ ಕೀಲುಗಳ) ಕೋನ ಬೇಗ ಏರುತ್ತದೆ. ಎರಡೂ ತುದಿಯ ಕೋನ ಸಮವಿರಬೇಕು. ಆಂಗಲ್ ಗೇಜ್ ಇಟ್ಟಾಗ 2 ಡಿಗ್ರಿ ವ್ಯತ್ಯಾಸ ಕಂಡಿತು. ಸ್ಪ್ರಿಂಗ್ ಮತ್ತು ಆಕ್ಸಲ್ ತಟ್ಟೆಯ ನಡುವೆ 2 ಡಿಗ್ರಿಯ ಉಕ್ಕಿನ ಬೆಣೆ ಹಾಕಿದ ಮೇಲೆ ಹೋಯಿತು. ಅಲ್ಯೂಮಿನಿಯಂ ಬೆಣೆ ಒಡೆಯುತ್ತದೆ. ದಪ್ಪ ತುದಿ ಹಿಂದುಮುಂದಾಗಿ ಹಾಕಿದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಹಾಕಿದ ಕೂಡಲೇ ಮತ್ತೆ ಗೇಜ್ ಇಡಬೇಕು.

ಮುಂದಿನ ಕೆಲಸ

ಟಾರ್ಷನ್ ಬಾರ್‌ನಲ್ಲಿ ಹೊಸ ಭಾಗವೇ ಬೇಡ, ಬೋಲ್ಟ್ ತಿರುಗಿಸಿದರೆ ಗಾಡಿ ಏಳುತ್ತದೆ. ಅದಕ್ಕೇ ದುರುಪಯೋಗ ಜಾಸ್ತಿ. ಹೆಚ್ಚು ತಿರುಗಿಸಿದರೆ ಗಾಲಿ ಹಿಡಿದಿರುವ ಆರ್ಮ್‌ಗಳು ಕೆಳಮುಖವಾಗಿ ನಿಂತು, ಗಾಲಿ ಗುಂಡಿಗೆ ಇಳಿಯಲು ಜಾಗವೇ ಉಳಿಯದು. ಪ್ರತಿ ಹಳ್ಳಕ್ಕೂ ಮೇಲಿನ ಆರ್ಮ್ ರಬ್ಬರ್ ಸ್ಟಾಪ್‌ಗೆ ಟಕ್ ಎಂದು ಬಡಿಯುತ್ತದೆ. ಮುಂಗಾಲಿಗೆ ಬಲ ಒಯ್ಯುವ ಡ್ರೈವ್ ಶಾಫ್ಟ್‌ನ ಸಿ.ವಿ. ಜಾಯಿಂಟ್ (ಬಾಗುವ ಕೀಲು) ಕೋನ ಹೆಚ್ಚಿ ಅದರ ರಬ್ಬರ್ ಬೂಟು ಹರಿದು, ಒಳಗೆ ಎರೆ ಸೇರಿದರೆ ಜಾಯಿಂಟ್ ಮುಗಿಯಿತು. ಒಟ್ಟು ಚಲನೆಯಲ್ಲಿ ಮೂರನೇ ಒಂದು ಪಾಲಾದರೂ ಕೆಳಕ್ಕೆ ಇಳಿಯಲು ಉಳಿಸಿಕೊಳ್ಳಬೇಕು. ಆ ಮಿತಿಯೊಳಗೆ ಇಲ್ಲಿ ಸಿಕ್ಕಿದ್ದು 25 ಮಿ.ಮೀ.

ಬೋಲ್ಟ್ ಮುಟ್ಟುವ ಮೊದಲು ಎಷ್ಟು ಎಳೆ ಹೊರಗಿದೆ ಎಂದು ಅಳೆದು, ಬಣ್ಣದ ಗೆರೆ ಹಾಕಬೇಕು. ಗಾಲಿ ತೂಗಾಡುವಂತೆ ಎತ್ತಿ, ಎಡಬಲ ಸಮ ಸುತ್ತು ತಿರುಗಿಸಿ, ಇಳಿಸಿ, ಹಿಂದೆಮುಂದೆ ಕೆಲವು ಮೀಟರ್ ಓಡಿಸಿ ಅಳೆಯಬೇಕು. ಜ್ಯಾಕಿನಿಂದ ಇಳಿಸಿದ ಕೂಡಲೇ ಅಳೆದರೆ ಟೈರು ಒಳಸೆಳೆದು ನಿಂತಿರುವುದರಿಂದ ಅಳತೆ ಸುಳ್ಳು ಬರುತ್ತದೆ. ಎಡಬಲ ವ್ಯತ್ಯಾಸ 5 ಮಿ.ಮೀ.ಗಿಂತ ಒಳಗಿದ್ದರೆ ಸಾಕು. ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಕಡ್ಡಾಯ; ಎತ್ತರ ಬದಲಾದರೆ ಕ್ಯಾಂಬರ್ (ಗಾಲಿ ಪಕ್ಕಕ್ಕೆ ವಾಲಿದ ಕೋನ), ಟೋ (ಗಾಲಿಯ ಮುಂತುದಿ ಒಳಗೋ ಹೊರಗೋ ತಿರುಗಿದ ಅಳತೆ) ಎರಡೂ ಬದಲಾಗುತ್ತವೆ. ಹೆಡ್‌ಲೈಟನ್ನೂ ಕೆಳಗೆ ತಿರುಗಿಸಬೇಕು.

ಉಜ್ಜುವುದನ್ನು ಹುಡುಕಲು ಟೈರಿನ ಭುಜಕ್ಕೆ ಸುಣ್ಣ ಬಳಿದು, ಒಂದು ಮುಂಗಾಲಿಯನ್ನು ಮರದ ದಿಮ್ಮಿ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಲಾಯಿತು. ಎಡ ಲೈನರ್‌ನ ಹಿಂದಿನ ಮೂಲೆಯಲ್ಲಿ ಬೆರಳಗಲದ ಬಿಳಿ ಗುರುತು ಬಿತ್ತು, ಅದೂ ರಿವರ್ಸ್‌ನಲ್ಲಿ ಮಾತ್ರ. ಅಷ್ಟು ಪ್ಲಾಸ್ಟಿಕ್ ಕತ್ತರಿಸಿ, ಮಡ್ ಫ್ಲ್ಯಾಪ್ ಹಿಂದಕ್ಕೆ ಸರಿಸಿದ್ದು ಸಾಕಾಯಿತು.

ಗಾಳಿ ಮತ್ತು ಆಮೇಲಿನ ದಿನಗಳು

ಡಾಂಬರಿನಲ್ಲಿ ಖಾಲಿ ಗಾಡಿಗೆ ತಣ್ಣಗಿದ್ದಾಗ 30 ಪಿ.ಎಸ್.ಐ., ಗೊಬ್ಬರ ಹೇರಿದಾಗ ಹಿಂದೆ 36ರಿಂದ ಶುರು. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ಗೇಜ್ ಹಿಡಿದಾಗ 4 ಪಿ.ಎಸ್.ಐ. ಆಸುಪಾಸು ಏರಿದ್ದರೆ ಸರಿ. 6 ದಾಟಿದರೆ ಗಾಳಿ ಕಡಿಮೆ ಇದ್ದು ಟೈರು ಕಾಯುತ್ತಿದೆ ಎಂದರ್ಥ. ರಾಯಚೂರು ಕಡೆಯ ಬೇಸಿಗೆಯಲ್ಲಿ ಇದನ್ನು ಉದಾಸೀನ ಮಾಡುವಂತಿಲ್ಲ. ಬಂಡಿ ದಾರಿಗೆ ಇಳಿಯುವ ಮೊದಲು 18ಕ್ಕೆ ಇಳಿಸುವುದು. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಬಹುದು. ಆ ಗಾಳಿಯಲ್ಲಿ 25 ಕಿ.ಮೀ. ವೇಗ ಮೀರದೆ, ಡಾಂಬರಿಗೆ ಹತ್ತುವ ಮೊದಲು 12 ವೋಲ್ಟ್ ಕಂಪ್ರೆಸರ್‌ನಿಂದ ಮತ್ತೆ ತುಂಬಬೇಕು. ಸಂಡೂರಿನ ಅದಿರು ರಸ್ತೆಗಳ ಕಡೆ ಹೋಗುವಾಗ ಗಾಳಿ ಇಳಿಸುವುದರಲ್ಲಿ ಹಿಡಿತ ಇರಲಿ, ಅಲ್ಲಿನ ಚೂಪು ಕಲ್ಲಿಗೆ ಉಬ್ಬಿದ ಪಕ್ಕದ ಗೋಡೆಯೇ ಮೊದಲು ಸಿಗುತ್ತದೆ.

ಮೀಟರಿನಲ್ಲಿ 80 ತೋರಿಸಿದಾಗ ಈ ಟೈರಿಗೆ ಹಿಂದಿಗಿಂತ ನಿಜವೇಗ ಶೇ. 5 ಹೆಚ್ಚು, ಜಿಪಿಎಸ್‌ನಲ್ಲಿ ಒಮ್ಮೆ ಹೋಲಿಸಿ ನೋಡುವುದು ಒಳ್ಳೆಯದು. ಕಿಲೋಮೀಟರ್ ಕೂಡ ಕಡಿಮೆ ಎಣಿಸುತ್ತದೆ, 10,000ಕ್ಕೆ ಮಾಡಿಸುವ ಸರ್ವಿಸನ್ನು 9,500ಕ್ಕೇ ಮಾಡಿಸಬೇಕು. ಯು ಬೋಲ್ಟ್ ಮತ್ತು ಗಾಲಿ ನಟ್‌ಗಳನ್ನು 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬಿಗಿದು ನೋಡಬೇಕು. ಮಳೆಗಾಲದಲ್ಲಿ ಗಾಡಿ ಮನೆಗೆ ಬಂದ ದಿನವೇ ಕಮಾನಿನೊಳಗಿನ ಮತ್ತು ರಿಮ್ ಒಳಬದಿಯ ಎರೆ ತೊಳೆಯಬೇಕು; ರಿಮ್‌ನಲ್ಲಿ ಒಣಗಿದ ಮಣ್ಣು ಮರುದಿನ ಸ್ಟೀರಿಂಗ್ ನಡುಗಿಸುತ್ತದೆ, ಜನ ಬ್ಯಾಲೆನ್ಸಿಂಗ್‌ಗೆ ದುಡ್ಡು ಸುರಿಯುತ್ತಾರೆ.

ಕಂಪನಿ ಜ್ಯಾಕ್ ಈಗ ಗಿಡ್ಡವಾಗಿದೆ. ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಹಿಗ್ಗುವಷ್ಟರಲ್ಲೇ ಅದರ ಎತ್ತರ ಮುಗಿಯುತ್ತದೆ, ಗಾಲಿ ನೆಲ ಬಿಡುವುದಿಲ್ಲ. ಹೆಚ್ಚು ಎತ್ತುವ ಬಾಟಲ್ ಜ್ಯಾಕ್ ತೆಗೆದುಕೊಂಡು ಆಕ್ಸಲ್ ಕೆಳಗೇ ಕೊಡಬೇಕು, ಅದರಡಿಗೆ ಒಂದು ಅಡಿ ಚೌಕದ ದಪ್ಪ ಪ್ಲೈವುಡ್ ಹಲಗೆ. ಹಲಗೆ ಇಲ್ಲದಿದ್ದರೆ ಎರೆಯಲ್ಲಿ ಗಾಡಿ ಏಳುವುದಿಲ್ಲ, ಜ್ಯಾಕೇ ಒಳಗೆ ಹೋಗುತ್ತದೆ.